ವೀರ್ಯದಾನಿಯ ಆಯ್ಕೆ: ಎಲ್ಲಿಯವರೆಗೆ ಸರಿ?

ವೀರ್ಯ ಬ್ಯಾಂಕುಗಳ ಜಾಲತಾಣಗಳಲ್ಲಿ ದಾನಿಯ ಎತ್ತರ, ಕಣ್ಣಿನ ಬಣ್ಣ, ಓದಿದ ಪದವಿ, ಬಾಲ್ಯದ ಫೋಟೋ, ಕೆಲವೆಡೆ ಅವನ ಧ್ವನಿಮುದ್ರಣವೂ ಸಿಗುತ್ತದೆ. ಇಂತಿಷ್ಟು ಎತ್ತರಕ್ಕಿಂತ ಕಡಿಮೆಯವರು ಬೇಡವೆಂದು ಗುರುತು ಹಾಕಿದರೆ ಉಳಿದವರೆಲ್ಲ ಪರದೆಯಿಂದ ಮರೆಯಾಗುತ್ತಾರೆ. ಮಗುವಿಗಾಗಿ ವರ್ಷಗಟ್ಟಲೆ ಹಂಬಲಿಸಿದವರನ್ನು ಇದಕ್ಕಾಗಿ ದೂರಲು ನನಗೆ ಮನಸ್ಸಿಲ್ಲ. ನನ್ನ ತಕರಾರಿರುವುದು ಆ ಪಟ್ಟಿ ಬಾಯಿಬಿಟ್ಟು ಹೇಳದೆಯೇ ಹುಟ್ಟಿಸುವ ಭರವಸೆಯ ಬಗ್ಗೆ.

ಕಾಯಿಲೆಗಳ ಪರೀಕ್ಷೆಯ ವಿಚಾರ ಬೇರೆ. ದಾನಿ ಮತ್ತು ತಾಯಿ ಇಬ್ಬರೂ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆಯಿಲ್ಲದಿದ್ದರೂ ಅದರ ದೋಷವುಳ್ಳ ಜೀನನ್ನು ಹೊತ್ತಿದ್ದರೆ, ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಆ ಕಾಯಿಲೆ ಬರುವ ಸಾಧ್ಯತೆ ಶೇ. 25ರಷ್ಟಿರುತ್ತದೆ, ರಕ್ತಪರೀಕ್ಷೆಯಿಂದ ತಪ್ಪಿಸಬಹುದಾದ ಆ ಸಂಕಟವನ್ನು ತಪ್ಪಿಸದೆ ಬಿಡುವುದೇ ಅನ್ಯಾಯ. ಬುದ್ಧಿವಂತಿಕೆಯೋ ಎತ್ತರವೋ ಹೀಗೆ ಒಂದು ಜೀನಿಗೆ ಅಂಟಿಕೊಂಡ ಗುಣಗಳಲ್ಲ. ಎತ್ತರವೊಂದರ ಹಿಂದೆಯೇ ಸಾವಿರಾರು ಸಣ್ಣ ವ್ಯತ್ಯಾಸಗಳಿವೆ, ದಾನಿಯಿಂದ ಮಗುವಿಗೆ ದಾಟುವುದು ಅವುಗಳಲ್ಲಿ ಅರ್ಧದಷ್ಟು ಮಾತ್ರ, ಯಾವ ಅರ್ಧವೆಂಬುದನ್ನು ಯಾರೂ ಆರಿಸಲಾರರು.

ಹೀಗಿದ್ದರೂ 1980ರ ಹೊತ್ತಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಗ್ರಹಾಂ ಎಂಬ ಉದ್ಯಮಿ ನೊಬೆಲ್ ವಿಜೇತರ ವೀರ್ಯವನ್ನು ಸಂಗ್ರಹಿಸಿ ಮೇಧಾವಿ ಮಕ್ಕಳನ್ನು ಹುಟ್ಟಿಸಲು ಹೊರಟರು. ನೊಬೆಲ್ ವಿಜೇತ ಭೌತವಿಜ್ಞಾನಿ ವಿಲಿಯಂ ಶಾಕ್ಲಿ ತಾವು ದಾನಿಯೆಂದು ಬಹಿರಂಗವಾಗಿಯೇ ಹೇಳಿಕೊಂಡರು. 1999ರಲ್ಲಿ ಆ ಬ್ಯಾಂಕು ಮುಚ್ಚುವ ವೇಳೆಗೆ 200ಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು. ನೊಬೆಲ್ ವಿಜೇತರ ವೀರ್ಯದಿಂದ ಹುಟ್ಟಿದ ಮಗು ಅವರಲ್ಲಿ ಒಂದೂ ಇರಲಿಲ್ಲ. ನನ್ನನ್ನು ಕಾಡುವುದು ಆ ಮಕ್ಕಳ ಸ್ಥಿತಿ. ಗಣಿತದಲ್ಲಿ ಕಡಿಮೆ ಅಂಕ ಬಂದಾಗ ಬೇರೆ ಮಗು ಓದಲಿಲ್ಲವೆಂದು ಬೈಸಿಕೊಳ್ಳುತ್ತದೆ. ಇಂಥ ಮಗುವಾದರೋ ತನ್ನ ಹುಟ್ಟಿನ ಉದ್ದೇಶವನ್ನೇ ಹುಸಿಗೊಳಿಸಿದೆನೆಂದು ಕುಗ್ಗಬೇಕಾದೀತು.

ಎಲ್ಲರೂ ಒಂದೇ ಬಗೆಯ ದಾನಿಯನ್ನು ಬಯಸಿದರೆ ಕೆಲವೇ ಮಂದಿಯ ವೀರ್ಯ ಊರೂರಿಗೆ ಹೋಗುತ್ತದೆ ಎಂಬ ಅಪಾಯದ ಬಗ್ಗೆ ಚರ್ಚೆ ಸಾಲದು. ಕ್ಯಾನ್ಸರ್ ಅಪಾಯವನ್ನು ತೀವ್ರವಾಗಿ ಹೆಚ್ಚಿಸುವ ಟಿಪಿ53 ಜೀನಿನ ದೋಷವಿದ್ದ, ಆದರೆ ತಾನು ಆರೋಗ್ಯವಾಗಿಯೇ ಇದ್ದ ಒಬ್ಬ ದಾನಿಯಿಂದ ಯುರೋಪಿನ ಹಲವು ದೇಶಗಳಲ್ಲಿ ಕನಿಷ್ಠ 197 ಮಕ್ಕಳು ಹುಟ್ಟಿದ್ದು 2025ರಲ್ಲಿ ಬೆಳಕಿಗೆ ಬಂತು. ವಾಡಿಕೆಯ ಪರೀಕ್ಷೆಗಳಲ್ಲಿ ಆ ದೋಷ ಸಿಕ್ಕಿರಲಿಲ್ಲ. ಬ್ರಿಟನ್ನಿನಲ್ಲಿ ಒಬ್ಬ ದಾನಿಯ ವೀರ್ಯವನ್ನು 10 ಕುಟುಂಬಗಳಿಗಿಂತ ಹೆಚ್ಚು ಬಳಸುವಂತಿಲ್ಲ, ಆದರೆ ಗಡಿ ದಾಟಿ ಹೋದ ವೀರ್ಯಕ್ಕೆ ಆ ಮಿತಿ ತಾಗುವುದಿಲ್ಲ. ಎಲ್ಲ ದೇಶಗಳಿಗೂ ಅನ್ವಯಿಸುವ ಒಂದು ಮಿತಿ, ದಾನಿಗೆ ಮುಂದೆ ಕಾಯಿಲೆ ಪತ್ತೆಯಾದರೆ ಅದನ್ನು ಪ್ರತಿ ಕುಟುಂಬಕ್ಕೂ ತಿಳಿಸುವ ಹೊಣೆ, ಇವೆರಡೂ ಪದವಿ ಮತ್ತು ಫೋಟೋಗಳಿಗಿಂತ ಮೊದಲು ಬರಬೇಕು.