ಹತ್ತೊಂಬತ್ತನೇ ಗೇಟು ಮತ್ತು ಕೆಂಪು ಬಾಣ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಮಾರನೇ ದಿನ ಭಾನುವಾರ. ಬೆಂಗಳೂರಿನ ಮನೆಯಲ್ಲಿ ಎದ್ದು ನೋಡಿದರೆ ಫೋನ್ ತುಂಬ ಸುದ್ದಿ ವಿಡಿಯೊಗಳು, ಅವುಗಳ ಮುಖಚಿತ್ರದಲ್ಲಿ ಕೆಂಪು ಬಾಣ, ಹಳದಿ ಅಕ್ಷರ, ನೊರೆ ಉಕ್ಕುವ ನೀರು. ಒಡೆದೇ ಹೋಗುತ್ತಾ ಡ್ಯಾಮ್? ಮುಳುಗುತ್ತಾ ಹಂಪಿ? ಇಂಥವೇ. ಕೊನೆಗೊಂದು ಪ್ರಶ್ನೆಚಿಹ್ನೆ ಹಾಕಿಬಿಟ್ಟರೆ ಬರೆದವರ ಮೇಲೆ ಯಾವ ಹೊಣೆಯೂ ಇಲ್ಲ ನೋಡಿ. ಅವರು ಸುಮ್ನೆ ಕೇಳಿದ್ದು, ಅಷ್ಟೇ. ಓದಿದವರ ಎದೆ ಮಾತ್ರ ಧಸಕ್ ಅನ್ನುತ್ತದೆ.

ಅವ್ವ ಕನ್ನಡಕ ಇಲ್ಲದೆ ಓದುವುದು ದಪ್ಪ ಅಕ್ಷರ ಮಾತ್ರ. ಹೆದರಿಕೆಯೆಲ್ಲ ದಪ್ಪ ಅಕ್ಷರದಲ್ಲೇ ಇತ್ತು. "ಕಾಕಾಗ ಫೋನ್ ಹಚ್ಚೋ" ಎಂದು ಒಂದೇ ಸಮನೆ ಶುರುಮಾಡಿದಳು. ಕಾಕಾ ಇರುವುದು ಗಂಗಾವತಿ ಹತ್ತಿರದ ಹಳ್ಳಿಯಲ್ಲಿ. ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಾರೆ.

"ಡ್ಯಾಮ್ ಎಲ್ಲಿ ಒಡಿತೈತೋ ತಮ್ಮಾ! ಗೇಟ್ ಹೋಗೈತಿ, ಗ್ವಾಡಿ ಗಟ್ಟಿ ಐತಿ. ಇಷ್ಟು ನೀರು ಹೊಂಟೈತಲ್ಲ, ಎರಡನೇ ಬೆಳಿಗೆ ಏನ್ ಮಾಡೋದು?"

ಅವರು ಹೇಳಿದ್ದು ಸರಿ. ಅಲ್ಲಿ ಒಟ್ಟು 33 ಗೇಟು, ಒಂದೊಂದೂ 20 ಅಡಿ ಎತ್ತರ. ಅವೆಲ್ಲ ಗೋಡೆಯ ಮೇಲ್ಭಾಗದಲ್ಲಿವೆ. ಒಂದು ಗೇಟು ಹೋದರೆ ಹರಿದುಹೋಗುವುದು ಮೇಲಿನ 20 ಅಡಿ ನೀರು, ಕೆಳಗಿನದು ಅಲ್ಲೇ ನಿಲ್ಲುತ್ತದೆ. ಆದರೆ ರೈತರ ಲೆಕ್ಕವೆಲ್ಲ ಆ ಮೇಲಿನ ನೀರಿನ ಮೇಲೆಯೇ. ಹೊಸ ಗೇಟು ಕೂರಿಸಲು ಸುಮಾರು 60 ಟಿಎಂಸಿ ಖಾಲಿ ಮಾಡಬೇಕಾಗಬಹುದು ಎಂಬ ಮಾತು ಆಗಲೇ ಓಡಾಡುತ್ತಿತ್ತು. ನನ್ನ ಫೋನಿನ ದಪ್ಪ ಅಕ್ಷರಗಳಲ್ಲಿ ಇದು ಎಲ್ಲೂ ಇರಲಿಲ್ಲ.

ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಪ್ರವಾಹ ಅಂದರೆ ಬೆಂಗಳೂರಲ್ಲಿ ಕೂತವರಿಗೂ ಮೈ ಝುಂ ಅನ್ನುತ್ತದೆ. ಎರಡನೇ ಬೆಳೆ ಅಂದರೆ ಯಾರು ಒತ್ತಿ ನೋಡುತ್ತಾರೆ? ನದಿ ದಂಡೆಯವರಿಗೆ ಎಚ್ಚರಿಕೆ ಬೇಕಿತ್ತು, ಇಲ್ಲ ಅನ್ನಲ್ಲ. ಆದರೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ಯಾವ ಊರಿನವರು ಹುಷಾರಾಗಿರಬೇಕು ಎಂಬುದನ್ನು ತಿಳಿಯಲು ನಾನು ಒಂದೇ ದೃಶ್ಯವನ್ನು ಮತ್ತೆ ಮತ್ತೆ ತಿರುಗಿಸುವ ವಿಡಿಯೊ ನೋಡುತ್ತ ಕೂರಬೇಕಾಯಿತು. ಹಿಂದೆ ಡಬಡಬ ಸಂಗೀತ ಬೇರೆ.

ಗೇಟ್ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ತಂಡ ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಆಮೇಲೆ ಮಳೆಯೂ ಕೈಹಿಡಿಯಿತು.

ಕಾಕಾ ಹೆದರಿದ್ದು ನಿಜವಾದದ್ದು ಮರುವರ್ಷ. 33 ಗೇಟುಗಳನ್ನೂ ಬದಲಿಸಬೇಕು, ಹಾಗಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದು 2025ರಲ್ಲಿ ತೀರ್ಮಾನವಾಯಿತು. ಸಾವಿರಾರು ಮನೆಗಳ ಅರ್ಧ ವರ್ಷದ ದುಡಿಮೆ ಅದು. ನನಗೆ ಅದು ತಿಳಿದದ್ದು ಕಾಕಾ ಫೋನ್ ಮಾಡಿದಾಗ.