ಕೆಂಪು ಚರ್ಚಿಗೆ ಗಿಲಾವು ಬೇಕೇ?

ಜುಲೈ 14, 2024, ಭಾನುವಾರ
ಕಾರವಾರ

ಸೋದರಮಾವನ ಜೊತೆ ಹಳೇ ಗೋವಾಕ್ಕೆ ಹೋಗಿ ಈಗಷ್ಟೇ ಮನೆ ಮುಟ್ಟಿದೆ. ಬಾಮ್ ಜೀಸಸ್ ಬೆಸಿಲಿಕಾ ನೋಡಬೇಕೆಂಬುದು ಅವರ ಬಹಳ ದಿನದ ಆಸೆ. ಬೇರೆಯವರು ಅಲ್ಲಿಗೆ ಹೋಗುವುದು ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ನೋಡಲು. ಮಾವನಿಗೆ ಕುತೂಹಲ ಇದ್ದದ್ದು ಗೋಡೆಯ ಬಗ್ಗೆ. ಜೀವಮಾನವಿಡೀ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮನೆ ಕಟ್ಟಿಸಿದ ಮನುಷ್ಯ. ಇಂಥ ಮಳೆಯಲ್ಲಿ ಯಾಕೆ ಎಂದರೆ, ಗೋಡೆ ನೋಡಬೇಕಾದ್ದೇ ಮಳೆಗಾಲದಲ್ಲಿ ಅಂದರು.

ಗೇಟಿನ ಒಳಗೆ ಕಾಲಿಟ್ಟವರೇ ಕೊಡೆ ನನ್ನ ಕೈಗೆ ಕೊಟ್ಟು ಸೀದಾ ಗೋಡೆಯ ಹತ್ತಿರ ಹೋದರು. ಕಲ್ಲಿನ ಮೈತುಂಬ ತೂತು. ಕೆಲವು ತೂತಿಗೆ ಹೆಬ್ಬೆರಳು ಇಳಿಯುತ್ತದೆ. ಒಳಗೆ ಪಾಚಿ, ಒಂದೆರಡು ಕಡೆ ಎಳೇ ಜರಿಗಿಡ. ಪಕ್ಕದಲ್ಲೇ ಕೆತ್ತನೆಯ ಕರಿಕಲ್ಲು, ವಸಾಯಿಯಿಂದ ತರಿಸಿದ್ದಂತೆ. ನಾನೂರು ವರ್ಷವಾದರೂ ಅದರ ಅಂಚು ಇನ್ನೂ ಚೂಪಾಗಿಯೇ ಇದೆ. ಮಾವ ಚಿರೆಕಲ್ಲನ್ನು ಮೆಲ್ಲಗೆ ಸವರಿ ಬೆರಳು ತೋರಿಸಿದರು. ಕೆಂಪು ಪುಡಿ.

"ಇದಕ್ಕೆ ಗಿಲಾವು ಯಾಕೆ ಮಾಡಿಸ್ಲಿಲ್ಲ ಮಾರಾಯ?"

ಮಾಡಿಸಿದ್ದರು ಮಾವ, ಆಮೇಲೆ ಕಿತ್ತರು ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

ಈ ಚರ್ಚಿನ ಕೆಲಸ ಶುರುವಾದದ್ದು 1594ರಲ್ಲಿ, ಪವಿತ್ರೀಕರಣ 1605ರ ಮೇ ತಿಂಗಳಲ್ಲಿ. ಕಟ್ಟಿಸಿದವರು ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು, ಅಂದರೆ ಜೆಸ್ವಿಟರು. ಸುತ್ತಲಿನ ಚರ್ಚುಗಳ ಹಾಗೆ ಇದಕ್ಕೂ ಹೊರಗೆ ಸುಣ್ಣದ ಗಾರೆ ಬಳಿದಿತ್ತು. ರಸ್ತೆಯಾಚೆ ಬೆಳ್ಳಗೆ ನಿಂತಿರುವ ಸೆ ಕೆಥೆಡ್ರಲ್ ನೋಡಿದರೆ ಆಗ ಇದು ಹೇಗಿದ್ದಿರಬಹುದು ಎಂದು ಗೊತ್ತಾಗುತ್ತದೆ. 1950ರ ದಶಕದಲ್ಲಿ, ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ, ಪೋರ್ಚುಗಲ್ಲಿನಿಂದ ಬಂದ ಬಾಲ್ತಜಾರ್ ಕಾಸ್ತ್ರೊ ಎಂಬ ವಾಸ್ತುಶಿಲ್ಪಿ ಗಾರೆಯನ್ನೆಲ್ಲ ಕೆರೆಸಿ ತೆಗೆಸಿದರು. ಕಲ್ಲು ಕಾಣಿಸಿದರೆ ಕಟ್ಟಡ ಪುರಾತನವಾಗಿ, ಗಂಭೀರವಾಗಿ ತೋರುತ್ತದೆ ಎಂಬ ಆ ಕಾಲದ ಅಭಿರುಚಿ. ಯುರೋಪಿನ ಗಟ್ಟಿ ಕಲ್ಲಿಗೆ ಅದು ನಡೆದೀತು. ಚಿರೆಕಲ್ಲು ನೆಲದೊಳಗಿಂದ ಕಡಿದು ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ, ಆದರೆ ನೀರು ಹೀರುವ ಗುಣ ಮಾತ್ರ ಬಿಡುವುದಿಲ್ಲ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಹೊಯ್ಯುವ ಊರಲ್ಲಿ ಅದರ ಅಂಗಿ ಬಿಚ್ಚಿ ನಿಲ್ಲಿಸಿದ್ದಾರೆ. ತಮಾಷೆಯೆಂದರೆ ಈಗ ಪೋಸ್ಟ್‌ಕಾರ್ಡು, ಫ್ರಿಜ್ ಮೇಲೆ ಅಂಟಿಸುವ ಮ್ಯಾಗ್ನೆಟ್ಟು ಎಲ್ಲದರಲ್ಲೂ ಇದು ಕೆಂಪು ಚರ್ಚ್.

ಒಳಗೆ ಗೋಡೆಗಳು ಬೆಳ್ಳಗಿವೆ, ಎದುರಿಗೆ ಚಿನ್ನದ ಲೇಪದ ಬಲಿಪೀಠ ಥಳಥಳ ಅನ್ನುತ್ತದೆ. ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ ಅವರ ದೊಡ್ಡ ಪ್ರತಿಮೆ, ಕೆಳಗೆ ಪುಟ್ಟ ಬಾಲಯೇಸು. ಜನರೆಲ್ಲ ಅತ್ತ ಒಮ್ಮೆ ಕಣ್ಣು ಹಾಯಿಸಿ, ಝೇವಿಯರ್ ದೇಹ ಇರುವ ಬಲಕ್ಕೆ ತಿರುಗುತ್ತಾರೆ.

ಝೇವಿಯರ್ ಕೂಡ ಜೆಸ್ವಿಟ್ ಪಾದ್ರಿ, ಗೋವಾಕ್ಕೆ ಬಂದದ್ದು 1542ರಲ್ಲಿ. ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು, ಚೀನಾ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ. ದೇಹವನ್ನು ಸುಣ್ಣ ಹಾಕಿ ಅಲ್ಲೇ ಹೂತರು. ಬೇಗ ಕರಗಿದರೆ ಎಲುಬು ಸಾಗಿಸುವುದು ಸುಲಭ ಎಂಬ ಲೆಕ್ಕ. ಅಗೆದಾಗ ದೇಹ ಕೆಟ್ಟಿರಲಿಲ್ಲ ಎನ್ನುತ್ತಾರೆ. ಮಲಕ್ಕಾ ದಾಟಿ 1554ರಲ್ಲಿ ಅದು ಗೋವಾ ತಲುಪಿತು. 1614ರಲ್ಲಿ ಬಲಗೈ ಕತ್ತರಿಸಿ ರೋಮಿಗೆ ಕಳಿಸಿದರು, 1622ರಲ್ಲಿ ಸಂತ ಪದವಿ ಬಂತು. ಗೋವಾದ ಅಕ್ಕಸಾಲಿಗರು ಮಾಡಿದ ಬೆಳ್ಳಿ ಪೆಟ್ಟಿಗೆ 1637ರದ್ದು. ಅದರ ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಟಸ್ಕನಿಯ ದೊರೆ ಮೂರನೇ ಕೊಸಿಮೊ ಕೊಟ್ಟ ಕಾಣಿಕೆ. ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿ ಹತ್ತು ವರ್ಷ ತೆಗೆದುಕೊಂಡು ಮಾಡಿದ್ದು, 1698ರಲ್ಲಿ ಇಲ್ಲಿ ಜೋಡಿಸಿದರು. ಪೆಟ್ಟಿಗೆ ಇಷ್ಟು ಎತ್ತರದಲ್ಲಿದೆ ಎಂದರೆ ಕತ್ತು ನೋಯುವಷ್ಟು ನೋಡಿದರೂ ಒಳಗಿನದು ಕಾಣುವುದಿಲ್ಲ.

ನನಗೆ ಇಷ್ಟವಾದ ಕತೆ ಬೇರೆ. 1759ರಲ್ಲಿ ಪೋರ್ಚುಗಲ್ ಸರ್ಕಾರ ಜೆಸ್ವಿಟರನ್ನು ತನ್ನ ನೆಲದಿಂದ ಓಡಿಸಿತು. ಹೋಗುವಾಗ ಸಂತರ ದೇಹವನ್ನೂ ಹೊತ್ತೊಯ್ದರು, ಪೆಟ್ಟಿಗೆಯಲ್ಲಿರುವುದು ಬೇರೆ ಯಾರದೋ ಎಂದು ಗುಲ್ಲೆದ್ದಿತು. ಅದನ್ನು ಅಡಗಿಸಲು 1782ರಲ್ಲಿ ಪೆಟ್ಟಿಗೆ ತೆರೆದು ಊರಿಗೆಲ್ಲ ತೋರಿಸಿದರು. ಈಗ ಹತ್ತು ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಜನ ಸೇರುವ ದರ್ಶನದ ಬೇರು ಈ ಗಾಳಿಸುದ್ದಿಯಲ್ಲಿದೆ!

ನಮ್ಮ ಕಡೆಯವರಿಗೆ ಈ ಸಂತರ ಜೊತೆ ನೇರ ಸಂಬಂಧವೂ ಉಂಟು, ಮುನಿಸೂ ಉಂಟು. ಗೋವಾಕ್ಕೆ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಬೇಕೆಂದು 1546ರಲ್ಲಿ ಪೋರ್ಚುಗಲ್ ರಾಜನಿಗೆ ಬರೆದವರಲ್ಲಿ ಅವರೂ ಒಬ್ಬರು. ಅದು ಬಂದದ್ದು 1560ರಲ್ಲಿ, ಅವರು ತೀರಿಕೊಂಡ ಮೇಲೆ. ಆ ಕಾಟಕ್ಕೆ, ಬರಕ್ಕೆ, ಮರಾಠರ ದಾಳಿಗೆ ಹೆದರಿ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದ ಕೊಂಕಣಿ ಕುಟುಂಬಗಳು ಹಿಂದೂಗಳಲ್ಲೂ ಇವೆ, ಕ್ರೈಸ್ತರಲ್ಲೂ ಇವೆ. ಹಾಗಿದ್ದೂ ಡಿಸೆಂಬರಿನ ಹಬ್ಬಕ್ಕೆ ಗೋವಾದಲ್ಲಿ ಹಿಂದೂಗಳೂ ಮೇಣದಬತ್ತಿ ಹಿಡಿದು ಬರುತ್ತಾರೆ. ಜನ ಅವರನ್ನು 'ಗೊಂಯ್ಚೊ ಸಾಯ್ಬ್' ಅನ್ನುತ್ತಾರೆ, ಗೋವಾದ ಒಡೆಯ. ಈ ಎರಡನ್ನೂ ಒಟ್ಟಿಗೆ ಹೇಳದೆ ಈ ಚರ್ಚಿನ ಮಹತ್ವ ಹೇಳಿದೆವು ಅಂದುಕೊಂಡರೆ ಅರ್ಧವೇ ಹೇಳಿದಂತೆ. 1946ರ ಬೆಸಿಲಿಕಾ ಪದವಿ, 1986ರ ಯುನೆಸ್ಕೊ ಪಟ್ಟಿ ಇವೆಲ್ಲ ಆಮೇಲಿನ ಮಾತು.

ವಾಪಸ್ ಬರುವಾಗ ಕಾಣಕೋಣದ ತನಕ ಮಾವನದು ಗೋಡೆಯದೇ ಮಾತು. ಗಿಲಾವು ಮರಳಿ ಹಾಕಬೇಕೆಂದು ಚರ್ಚಿನ ಕಡೆಯವರೇ ಕೆಲವು ವರ್ಷಗಳಿಂದ ಕೇಳುತ್ತಿದ್ದಾರೆ. ಕೆಂಪು ಬಣ್ಣವನ್ನೇ ನೋಡಿ ಬೆಳೆದವರಿಗೆ ಅದು ಬೇಡ. ಸಂರಕ್ಷಿತ ಸ್ಮಾರಕವಾದ್ದರಿಂದ ಪುರಾತತ್ವ ಇಲಾಖೆ ಒಪ್ಪದೆ ಯಾರೂ ಕೈ ಹಚ್ಚುವಂತಿಲ್ಲ. ನಾನಂತೂ ಬಳಿಯಲಿ ಎನ್ನುವ ಪಕ್ಷ. ಎಪ್ಪತ್ತು ವರ್ಷದ ಕೆಂಪಿಗಿಂತ ಮುನ್ನೂರೈವತ್ತು ವರ್ಷದ ಬಿಳುಪು ಹಳೆಯದು. ಮಾವನ ಷರತ್ತು ಒಂದೇ: ಸಿಮೆಂಟ್ ಮುಟ್ಟಿಸಬಾರದು, ಚಿಪ್ಪಿನ ಸುಣ್ಣವೇ ಆಗಬೇಕು, ಸಿಮೆಂಟ್ ಹಾಕಿದರೆ ಒಳಗಿನ ತೇವ ಹೊರಗೆ ಬರದೆ ಕಲ್ಲು ಇನ್ನೂ ಬೇಗ ಹಾಳು.

ಮುಂದಿನ ದರ್ಶನ ಈ ವರ್ಷ, 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಪೆಟ್ಟಿಗೆಯನ್ನು ಕೆಳಗಿಳಿಸಿ ಸೆ ಕೆಥೆಡ್ರಲಿಗೆ ಒಯ್ಯುತ್ತಾರೆ, ಹತ್ತಿರದಿಂದ ನೋಡಬಹುದು. ಅತ್ತೆಗೆ ಹೋಗುವ ಮನಸ್ಸಿದೆ. ಆ ರಶ್ಶಿನಲ್ಲಿ ತಾನು ಬರುವುದಿಲ್ಲ, ನೀನೇ ಕರ್ಕೊಂಡು ಹೋಗು ಎಂದು ಮಾವ ಆಗಲೇ ಹೇಳಿಬಿಟ್ಟಿದ್ದಾರೆ.