ಸರಾಸರಿ ಮನುಷ್ಯ ಎಷ್ಟು ಮುದ್ದೆ ಉಣ್ಣುತ್ತಾನೆ?

ತುಮಕೂರಿನ ವಸಂತನರಸಾಪುರದ ಕಡೆ ಒಂದು ಫ್ಯಾಕ್ಟರಿಗೆ ಊಟ ಸಪ್ಲೈ ಮಾಡೋದು ನನ್ನ ಕೆಲಸ. ಐಟಿಐ ಮುಗಿಸಿದ ಹುಡುಗರ ಹೊಸ ಬ್ಯಾಚ್ ಸೇರಿದ ವಾರ ಅನ್ನದ ಪಾತ್ರೆ ಬೇಗ ತಳ ಕಾಣುತ್ತದೆ. ಆಫೀಸಿನವರೇ ಜಾಸ್ತಿ ಇರೋ ದಿನ ಮುದ್ದೆ ಮಿಕ್ಕುತ್ತದೆ. ತಲೆಗೆ ಇಷ್ಟು ಅಂತ ಸರಾಸರಿ ಹಿಡಿದೇ ಅಕ್ಕಿ, ರಾಗಿ ಹಿಟ್ಟು ತೆಗೆಯುತ್ತೇನೆ. ಆದರೆ ಆ ಸರಾಸರಿ ಮನುಷ್ಯ ತಟ್ಟೆ ಹಿಡಿದು ನಮ್ಮ ಸಾಲಲ್ಲಿ ಯಾವತ್ತೂ ನಿಂತಿಲ್ಲ.

ಎಕನಾಮಿಕ್ಸ್ ಓದೋ ಮಗಳು ಭಾರತ, ಜಪಾನ್ ಎರಡನ್ನೂ ಹೋಲಿಸಿ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಒಂದು ದೇಶದ ಜನರಿಗೆ ದಿನಕ್ಕೆ ಸರಾಸರಿ ಎಷ್ಟು ಕ್ಯಾಲರಿ ಬೇಕು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ವರ್ಷವರ್ಷ ಅಂದಾಜು ಕೊಡುತ್ತದೆ. ಅದನ್ನು ಗ್ರಾಫ್ ಮಾಡಿ ನೋಡಿ, "ಅಪ್ಪ, ನಮ್ಮ ಗೆರೆ ಏರ್ತಾ ಇದೆ. ಅಂದ್ರೆ ನಾವು ಜಾಸ್ತಿ ತಿಂತಿದೀವಾ?" ಅಂದಳು.

ಹಂಗಲ್ಲ. ಇದು ತಿಂದ ಲೆಕ್ಕ ಅಲ್ಲ, ಬೇಕಾದ ಲೆಕ್ಕ. ಕೂತು ಸೂತ್ರ ಹಾಕಿ ನೋಡಿದೆವು. 60 ಕೆಜಿ ತೂಕದ, 25 ವರ್ಷದ ಹುಡುಗ ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 1,600 ಕ್ಯಾಲರಿ ಖರ್ಚಾಗುತ್ತದೆ. ಓಡಾಟ, ಕೆಲಸ ಸೇರಿಸಲು ಅದನ್ನು 1.75ರಿಂದ ಗುಣಿಸುತ್ತಾರೆ. ಹತ್ತಿರ ಹತ್ತಿರ 2,800 ಆಯಿತು. ಅದೇ ತೂಕದ 65 ವರ್ಷದವರಿಗೆ ಹಾಕಿದರೆ 2,260ರ ಆಸುಪಾಸು ಬರುತ್ತದೆ. ಆರು ವರ್ಷದ ಮಗುವಿಗೆ ಒಂದೂವರೆ ಸಾವಿರದಷ್ಟು ಸಾಕು. ಹಿಂಗೆ ಎಲ್ಲ ವಯಸ್ಸಿನ ಗಂಡಸರು, ಹೆಂಗಸರು, ಮಕ್ಕಳ ಲೆಕ್ಕ ಹಾಕಿ, ಯಾರು ಎಷ್ಟು ಜನ ಇದ್ದಾರೆ ಅಂತ ನೋಡಿ ಸರಾಸರಿ ತೆಗೆಯುತ್ತಾರೆ.

ಅಂದರೆ ಯಾರ ತಟ್ಟೆಯೂ ಬದಲಾಗದೆ ದೇಶದ ಗೆರೆ ಏರಬಹುದು. 1970ರಲ್ಲಿ ಭಾರತದ ಅರ್ಧ ಜನಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಈಗ ಆ ನಡು ವಯಸ್ಸು (ಅರ್ಧ ಜನ ಅದಕ್ಕಿಂತ ಚಿಕ್ಕವರು, ಅರ್ಧ ಜನ ದೊಡ್ಡವರು) 28ರ ಹತ್ತಿರ ಇದೆ. ಮಕ್ಕಳ ಪಾಲು ಇಳಿಯಿತು, ದುಡಿಯೋ ವಯಸ್ಸಿನವರ ಪಾಲು ಏರಿತು. ಹೊಸ ಬ್ಯಾಚ್ ಬಂದ ವಾರದ ಕಥೆಯೇ ಇದು. ಜಪಾನ್ ಈ ದಾರಿಯನ್ನು ಮೊದಲೇ ನಡೆದು ಮುಂದೆ ಹೋಗಿದೆ. 1950ರಲ್ಲಿ ಅಲ್ಲಿಯ ನಡು ವಯಸ್ಸು 22, ಈಗ 48 ದಾಟಿದೆ. ನೂರಕ್ಕೆ 29 ಜನ 65 ಮೀರಿದವರು. ಇದು ಗೆರೆಯನ್ನು ಕೆಳಕ್ಕೆ ಎಳೆಯುತ್ತದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಯುದ್ಧ ಮುಗಿದ ಹೊಸದರಲ್ಲಿ ಜಪಾನಿನ 17ರ ಹುಡುಗರ ಸರಾಸರಿ ಎತ್ತರ 160 ಸೆಂ.ಮೀ. ಆಸುಪಾಸು ಇತ್ತು. ಈಗ 170. ಅಲ್ಲಿ ಶಾಲೆ ಊಟಕ್ಕೆ ಕಾನೂನು ಬಂದಿದ್ದು 1954ರಲ್ಲಿ. ಎತ್ತರ ಬೆಳೆದವರಿಗೆ ಊಟವೂ ಹೆಚ್ಚು ಬೇಕು. ಆದರೆ ಹೊಟ್ಟೆ ಬಂದವರಿಗೆ ಇಲ್ಲಿ ರಿಯಾಯಿತಿ ಇಲ್ಲ (ನನ್ನಂಥವರಿಗೆ ಬೇಜಾರು). ಎತ್ತರಕ್ಕೆ ತಕ್ಕ ಆರೋಗ್ಯದ ತೂಕವನ್ನೇ ಹಿಡಿಯುತ್ತಾರೆ.

ನನಗೆ ಒಪ್ಪಿಗೆಯಾಗದ್ದು ಆ 1.75. ಎರಡು ದೇಶಕ್ಕೂ ಅದೇ, ಹಳೇ ವರ್ಷಕ್ಕೂ ಹೊಸ ವರ್ಷಕ್ಕೂ ಅದೇ. ಪಾವಗಡದ ಕಡೆ ನಮ್ಮ ತಾತ ಕಪಿಲೆ ಹೊಡೆದು ತೋಟಕ್ಕೆ ನೀರು ಹಾಯಿಸುತ್ತಿದ್ದರು. ಎತ್ತಿನ ಜೊತೆ ಇಳಿಜಾರಲ್ಲಿ ಹೋಗೋದು, ಹಿಂದಕ್ಕೆ ಬರೋದು, ಬೆಳಗಿನಿಂದ ಅದೇ. ಅಜ್ಜಿ ಕೋಳಿ ಕೂಗೋ ಹೊತ್ತಿಗೆ ಎದ್ದು ಬೀಸುಕಲ್ಲಲ್ಲಿ ರಾಗಿ ಬೀಸಬೇಕು. ಆಮೇಲೆ ನೀರು, ಸೌದೆ, ಕಳೆ. ಅಂಥ ದುಡಿಮೆಗೆ 2ರ ಮೇಲಿನ ಸಂಖ್ಯೆಯನ್ನೇ ಹಾಕಬೇಕು. 2.2 ಹಾಕಿದರೆ ಮೇಲೆ ಹೇಳಿದ ಅದೇ ಹುಡುಗನಿಗೆ 3,500 ಕ್ಯಾಲರಿ. ಈಗ ಬೋರಿಗೆ ಮೋಟರ್, ಹಿಟ್ಟಿಗೆ ಮಿಲ್, ಪೇಟೆಗೆ ಬೈಕು. ಕೂತು ದುಡಿಯೋರಿಗೆ 1.5 ಸಾಕು.

ಆದ್ದರಿಂದಲೇ ಇನ್ನೊಂದು ಅಂಕಿ ನೋಡಿದರೆ ತಲೆ ಕೆಡುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ತಲೆಗೆ ದಿನಕ್ಕೆ ಸಿಗುತ್ತಿದ್ದ ಕ್ಯಾಲರಿ 1993–94ರಲ್ಲಿ 2,153, 2004–05ರಲ್ಲಿ 2,047. ಬೇಕಾದದ್ದು ಏರಿತು ಅಂತ ಒಂದು ಲೆಕ್ಕ, ತಿಂದದ್ದು ಇಳಿಯಿತು ಅಂತ ಇನ್ನೊಂದು! ಅರ್ಥಶಾಸ್ತ್ರಜ್ಞರಾದ ಆಂಗಸ್ ಡೀಟನ್, ಜಾನ್ ಡ್ರೇಜ್ 2009ರಲ್ಲಿ ಇದನ್ನೇ ಕೆದಕಿದರು. ಮೈಮುರಿಯೋ ದುಡಿಮೆ ಕಮ್ಮಿಯಾದದ್ದು ಒಂದು ಕಾರಣ ಇರಬಹುದು ಅಂದರು. ಹಂಗಂತ ಹಸಿವು ಹೋಯಿತು ಅಂತಲ್ಲ. ನಮ್ಮಲ್ಲಿ ಮಕ್ಕಳ ತೂಕ, ಎತ್ತರ ಆಗ ಇನ್ನೂ ಹಿಂದೆಯೇ ಇತ್ತು ಅಂತಲೂ ಅವರೇ ಬರೆದಿದ್ದಾರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಂತೂ ಕೂತು ಕೆಲಸ ಮಾಡೋ ಗಂಡಸಿಗೆ 2010ರಲ್ಲಿ 2,320 ಅಂದಿದ್ದನ್ನು 2020ರಲ್ಲಿ 2,110ಕ್ಕೆ ಇಳಿಸಿತು. ಅದೂ ಮಾದರಿ ತೂಕವನ್ನು 60ರಿಂದ 65 ಕೆಜಿಗೆ ಏರಿಸಿದ ಮೇಲೆ.

ಮಗಳಿಗೆ ಹೇಳಿದ್ದಿಷ್ಟೆ. ಎರಡು ದೇಶದ ಗೆರೆ ಹಾಕು, ಅದರ ಕೆಳಗೇ ನಡು ವಯಸ್ಸಿನ ಗೆರೆ, ಎತ್ತರದ ಗೆರೆ ಹಾಕು. ದುಡಿಮೆ ಎಷ್ಟು ಅಂತ ಯಾರು ಊಹಿಸಿದ್ದು ಅನ್ನೋದನ್ನೂ ಬರಿ. ಮೇಡಂ ಕೇಳೇ ಕೇಳ್ತಾರೆ.